ಎಂಬತ್ತು ದಾಟಿದರೆ ಅದುರುವ ಸ್ಟೇರಿಂಗು

ಅಪ್ಪ ಮೊದಲ ಸಲ ಹೇಳಿದಾಗ ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಅವತ್ತು ದೀಪಾವಳಿ ಅಮಾವಾಸ್ಯೆ. ಹಾರೋಹಳ್ಳಿಯ ಆಚೆ ಇರುವ ನಮ್ಮ ಮನೆದೇವರಿಗೆ ಒಬ್ಬನೇ ಕಾರಿನಲ್ಲಿ ಹೋಗಿ, ಪೂಜೆ ಮಾಡಿಸಿಕೊಂಡು, ಪ್ರಸಾದದ ಬಾಳೆಹಣ್ಣು ಹಿಡಿದು ಬಂದಿದ್ದ. ಚಪ್ಪಲಿ ಬಿಡುತ್ತಲೇ, "ಸ್ಟೇರಿಂಗು ಅದುರ್ತೈತೆ ಕಣವ್ವ. ಎಂಬತ್ತು ದಾಟಿದ್ರೆ ಸಾಕು, ಮೊಣಕೈ ಗಂಟ ಗಡಗಡ ಅಂತೈತೆ" ಎಂದ.

ನಾನು ತಲೆ ಎತ್ತಲಿಲ್ಲ. "ನಿನ್ನ ವಯಸ್ಸಲ್ಲಿ ಎಂಬತ್ತರಲ್ಲಿ ಯಾಕಪ್ಪ ಹೋಗ್ಬೇಕು?" ಎಂದೆ.

ಅವನು ಹೇಳಿದ್ದು ಗಾಡಿಯ ವಿಷಯ. ನಾನು ಉತ್ತರ ಕೊಟ್ಟಿದ್ದು ಅವನ ವಯಸ್ಸಿಗೆ. ಮುಂದೆ ಆದದ್ದೆಲ್ಲ ಈ ಒಂದು ಮಾತಿನಿಂದಲೇ ಆಯಿತು ಎಂದು ಈಗ ಅನ್ನಿಸುತ್ತದೆ. ಆದರೆ ಆ ಹೊತ್ತಿಗೆ ನನಗೆ ನನ್ನ ಉತ್ತರ ಬಹಳ ಬುದ್ಧಿವಂತಿಕೆಯದಾಗಿ ಕಂಡಿತ್ತು. ನನ್ನ ಬಾಯಿ ಮೊದಲಿನಿಂದಲೂ ಹೀಗೆ, ಎದುರಿಗಿರುವವರ ಮಾತು ಮುಗಿಯುವುದರೊಳಗೆ ತೀರ್ಪು ಕೊಟ್ಟು ಮುಗಿಸಿರುತ್ತದೆ.

ನಮ್ಮದು ಯಡಿಯೂರು. ಕೆರೆಯ ಹಿಂದಿನ ಬೀದಿಯಲ್ಲಿ ಮನೆ. ಈಗ ಜಯನಗರದ ಬ್ಲಾಕುಗಳಿರುವ ಕಡೆ ಒಂದು ಕಾಲಕ್ಕೆ ನಮ್ಮವರ ಹೊಲಗಳಿದ್ದವು. ಅಪ್ಪ ಹುಡುಗನಾಗಿದ್ದಾಗಲೇ ಟೆಂಪೋ ಕಲಿತು, ಕತ್ತಲಿರುವಾಗಲೇ ಸೊಪ್ಪಿನ ಕಟ್ಟು ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದನಂತೆ. ಹೊಲ ಹೋಯಿತು, ಟೆಂಪೋ ಹೋಯಿತು, ಉಳಿದ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದವು. ಸ್ಟೇರಿಂಗು ಮಾತ್ರ ಅವನ ಕೈ ಬಿಡಲಿಲ್ಲ. ಎರಡು ಬೆರಳಲ್ಲಿ ಚಕ್ರ ತಿರುಗಿಸುತ್ತಾ ಗಲ್ಲಿಯೊಳಗೆ ಕಾರು ನುಗ್ಗಿಸುವುದನ್ನು ನೋಡಿದರೆ, ಯಾರೇ ಆಗಲಿ ಸುಮ್ಮನೆ ಒಂದು ನಿಮಿಷ ನಿಂತು ನೋಡಬೇಕು. ಅಮ್ಮ ಇದ್ದಾಗ ಪ್ರತಿ ಅಮಾವಾಸ್ಯೆಗೂ ಇಬ್ಬರೂ ದೇವರಿಗೆ ಹೋಗುತ್ತಿದ್ದರು. ಅಮ್ಮ ಹೋದ ಮೇಲೂ ಅವನು ತಪ್ಪಿಸಲಿಲ್ಲ. ತಿಂಗಳಲ್ಲಿ ಆ ಒಂದು ದಿನ ಬಿಳಿ ಶರಟು ಹಾಕಿಕೊಂಡು ಹೊರಡುವಾಗ ಅವನ ಮುಖವೇ ಬೇರೆ ಥರ ಇರುತ್ತಿತ್ತು.

ನಾನೂ ನನ್ನವರೂ ಮಹಡಿಯ ಮೇಲಿದ್ದೇವೆ. ನನ್ನವರಿಗೆ ಮೆಟ್ರೋ ಬಿಟ್ಟರೆ ಬೇರೆ ವಾಹನ ಗೊತ್ತಿಲ್ಲ. ಆದ್ದರಿಂದ ಮನೆಯಲ್ಲಿ ಕಾರು ಮುಟ್ಟುವವರು ಅಪ್ಪ ಮತ್ತು ನಾನು, ಇಬ್ಬರೇ.

ಹುರುಳಿಕಾಯಿ ಮುಗಿಸಿ, ಸಂಜೆ ನಾನೇ ಪರೀಕ್ಷೆ ಮಾಡಿಬಿಡೋಣವೆಂದು ಕಾರು ತೆಗೆದೆ. ಸೌತ್ ಎಂಡ್ ಸರ್ಕಲ್ಲಿನಿಂದ ನಾಲ್ಕನೇ ಬ್ಲಾಕು, ಅಲ್ಲಿಂದ ಬನಶಂಕರಿ ಬಸ್ ನಿಲ್ದಾಣ, ವಾಪಸ್ಸು. ಪಟಾಕಿಯ ಹೊಗೆ, ಸಿಗ್ನಲ್ಲು, ಹೂವಿನ ಗಾಡಿಗಳು. ನಮ್ಮ ಕಡೆ ರಸ್ತೆಯಲ್ಲಿ ಮುಳ್ಳು ನಲವತ್ತು ಮುಟ್ಟಿದರೆ ಅದು ಭಾನುವಾರದ ಬೆಳಗಿನ ಜಾವ ಎಂದು ಅರ್ಥ. ಸ್ಟೇರಿಂಗು ಬೆಣ್ಣೆಯ ಹಾಗಿತ್ತು. ಒಂದೇ ಕೈಯಲ್ಲಿ ಓಡಿಸಿಕೊಂಡು ಬಂದು, "ಏನೂ ಇಲ್ಲ, ಚೆನ್ನಾಗೇ ಇದೆ" ಎಂದು ಕೀ ಮೇಜಿನ ಮೇಲಿಟ್ಟೆ.

ಎಂಬತ್ತರ ಕಾಯಿಲೆಯನ್ನು ನಲವತ್ತರಲ್ಲಿ ಹುಡುಕಿದ ನನಗೆ ಸ್ವಲ್ಪವೂ ನಾಚಿಕೆಯಾಗಲಿಲ್ಲ.

ಮುಂದಿನ ಅಮಾವಾಸ್ಯೆಗೂ ಅವನು ಅದನ್ನೇ ಹೇಳಿದ. ಈ ಸಲ ಸ್ವಲ್ಪ ಮೆತ್ತಗೆ. "ಒಂದ್ಸಲ ನನ್ ಜೊತೇಲಿ ಬಾರವ್ವ. ಹಾರೋಹಳ್ಳಿ ಗಂಟ ಬೇಡ, ತಲಘಟ್ಟಪುರ ದಾಟ್ಲಿ ಸಾಕು. ನಿಂಗೇ ಗೊತ್ತಾಯ್ತದೆ."

"ನಂಗೆ ರಜಾ ಎಲ್ಲಿದೆ ಅಪ್ಪ" ಎಂದೆ. ಭಾನುವಾರ ಎಂಬುದೊಂದು ಇದೆ ಎಂದು ಅವನೂ ನೆನಪಿಸಲಿಲ್ಲ, ನಾನೂ ನೆನಪಿಸಿಕೊಳ್ಳಲಿಲ್ಲ.

ನಾನು ಕೆಲಸ ಮಾಡುವುದು ಜಯನಗರದ ಒಂದು ನರರೋಗ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ. ದಿನವಿಡೀ ವಯಸ್ಸಾದವರ ಕೈಗಳನ್ನು ನೋಡುವುದೇ ನನ್ನ ಕೆಲಸ ಎಂದರೂ ನಡೆದೀತು. ಸಹಿ ಹಾಕುವಾಗ ಪೆನ್ನು ಅಲುಗುವ ರೀತಿ ನೋಡಿಯೇ ಇವರಿಗೆ ಇಂಥದ್ದು ಎಂದು ಮನಸ್ಸಿನಲ್ಲೇ ಚೀಟಿ ಅಂಟಿಸಿಬಿಡುತ್ತೇನೆ. ಡಾಕ್ಟರು ಅದನ್ನೇ ಹೇಳಿದಾಗ ಒಳಗೊಳಗೇ ಹಿಗ್ಗುತ್ತೇನೆ. ಅವತ್ತು ರಾತ್ರಿ ಊಟದ ಹೊತ್ತಿಗೆ ಅಪ್ಪ ಮಜ್ಜಿಗೆಯ ಲೋಟ ಎತ್ತಿದ. ಲೋಟದ ಅಂಚು ಕೊಂಚ, ತೀರ ಕೊಂಚ, ನಡುಗಿತು. ಸಿಕ್ಕಿಬಿತ್ತು, ಅಂದುಕೊಂಡೆ. ಅದುರುತ್ತಿರುವುದು ಸ್ಟೇರಿಂಗಲ್ಲ, ಇವನ ಕೈ.

ಆ ವಾರವೇ ನಮ್ಮ ಡಾಕ್ಟರಿಗೆ ತೋರಿಸಿದೆ. ಅವರು ಕೈ ಚಾಚಿಸಿದರು, ಬೆರಳಿನಿಂದ ಮೂಗು ಮುಟ್ಟಿಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ಅಪ್ಪ ಪರೀಕ್ಷೆಗೆ ಕೂತ ಶಾಲೆಯ ಹುಡುಗನ ಹಾಗೆ ನಾಲಿಗೆ ಕಚ್ಚಿಕೊಂಡು ಬರೆದ. ಅವನನ್ನು ಹೊರಗೆ ಕೂರಿಸಿ ನಾನು ಮತ್ತೆ ಒಳಗೆ ಹೋಗಿ ಕೇಳಿದೆ.

"ಈ ವಯಸ್ಸಿಗೆ ಇಷ್ಟು ಸಹಜ. ಕಾಯಿಲೆ ಅಂತ ಏನೂ ಇಲ್ಲ" ಎಂದರು ಡಾಕ್ಟರು. "ಕಣ್ಣು ಒಂದ್ಸಲ ತೋರಿಸ್ಬಿಡಿ. ಗಾಡಿ ಓಡಿಸೋದಕ್ಕೆ ನನ್ನ ಕಡೆಯಿಂದ ಏನೂ ತೊಂದರೆ ಇಲ್ಲ."

ಮನೆಗೆ ವಾಪಸ್ಸು ಬರುವಾಗ ನಾನು ಓಡಿಸುತ್ತಿದ್ದೆ. ಅಪ್ಪ ಪಕ್ಕದಲ್ಲಿದ್ದ. "ಏನಂದ್ರವ್ವ ಡಾಕ್ಟ್ರು?" ಎಂದು ಕೇಳಿದ.

"ಕೈ ನರ ವೀಕ್ ಆಗಿದೆಯಂತೆ. ಗಾಡಿ ಓಡಿಸೋದು ಬಿಟ್ಬಿಡಿ ಅಂದ್ರು."

ಯಾಕೆ ಹಾಗೆ ಹೇಳಿದೆ? ಇದಕ್ಕೆ ನಾನು ನನಗೇ ಬಗೆಬಗೆಯ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ಪ್ರತಿ ಅಮಾವಾಸ್ಯೆಯೂ ಅವನು ವಾಪಸ್ಸು ಬಂದೆ ಎಂದು ಫೋನ್ ಮಾಡುವವರೆಗೆ ನನಗೆ ಕ್ಲಿನಿಕ್ಕಿನಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಅದು ನಿಜ. ದೇವರಿಗೆ ಹೋಗುವ ಕನಕಪುರ ರಸ್ತೆ ಅಗಲವಾದ ಮೇಲೆ ಲಾರಿಗಳು ಮೈಮೇಲೆ ಬಂದ ಹಾಗೆ ಬರುತ್ತವೆ, ಅದೂ ನಿಜ. ಆದರೆ ಅದನ್ನು ಬಾಯಿಬಿಟ್ಟು ಹೇಳಿದ್ದರೆ ಅವನು ವಾದಕ್ಕೆ ನಿಲ್ಲುತ್ತಿದ್ದ, ನಾನು ಕೂಗಾಡುತ್ತಿದ್ದೆ. ಡಾಕ್ಟರ ಹೆಸರು ಹೇಳಿದರೆ ಮಾತೇ ಇಲ್ಲ. ಸುಲಭದ ದಾರಿ ಹಿಡಿದೆ, ಅಷ್ಟೇ. ಅಪ್ಪ ತನ್ನ ಎರಡೂ ಅಂಗೈ ತಿರುಗಿಸಿ ಒಮ್ಮೆ ನೋಡಿಕೊಂಡ. ಮನೆಗೆ ಬಂದ ಮೇಲೆ ತನ್ನ ಹತ್ತಿರ ಇದ್ದ ಇನ್ನೊಂದು ಕೀ ತಂದು ನನ್ನ ಕೈಗೆ ಕೊಟ್ಟ.

ನಾನು ಬಿಡಿಸಬೇಕೆಂದಿದ್ದು ಗಾಡಿಯನ್ನು. ಅವನು ಒಂದೊಂದಾಗಿ ಎಲ್ಲವನ್ನೂ ಬಿಡತೊಡಗಿದ. ಅಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಮುದ್ದೆ ತಿರುವುವವನು ಅಪ್ಪನೇ. ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಕೋಲಿನಿಂದ ತಿರುವಿ, ಒಂದು ಗಂಟೂ ಇಲ್ಲದ ಹಾಗೆ ಮಾಡುತ್ತಿದ್ದ. "ಬಿಸಿ ಹಿಟ್ಟು ಕಣವ್ವ, ಕೈ ಜಾರಿದ್ರೆ ಕಷ್ಟ" ಎಂದು ಕೋಲು ನನಗೆ ಕೊಟ್ಟ. ನಾನು ಮಾಡಿದ ಗಂಟು ಗಂಟು ಮುದ್ದೆಯನ್ನು ಏನೂ ಅನ್ನದೆ ನುಂಗಿದ. ತಾನೇ ಮಾಡಿಕೊಳ್ಳುತ್ತಿದ್ದ ಗಡ್ಡಕ್ಕೆ ಸಲೂನಿಗೆ ಹೋಗತೊಡಗಿದ. ಬಾಡಿಗೆ ಮನೆಯ ನಲ್ಲಿ ಸೋರಿದರೆ ವಾಷರ್ ಹಿಡಿದು ಮೊದಲು ಓಡುತ್ತಿದ್ದವನು ಪ್ಲಂಬರಿಗೆ ಫೋನ್ ಮಾಡು ಎಂದು ನನಗೆ ಹೇಳಿದ. ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದ. ಎರಡು ಕೈಯಲ್ಲಿ ಹಿಡಿದ ಮೇಲೆ ನಡುಕ ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ನಾನು ಅದನ್ನೂ ನೋಡಿ, ಸದ್ಯ, ಸರಿಯಾದ ಹೊತ್ತಿಗೆ ಗಾಡಿ ಬಿಡಿಸಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಶಿವರಾತ್ರಿಗೆ ಅಪ್ಪ ದೇವರನ್ನು ನೋಡಬೇಕೆಂದ. ಕ್ಲಿನಿಕ್ಕಿಗೂ ರಜೆ, ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ನಾನೇ ಓಡಿಸಿದೆ. ಅವನು ಪಕ್ಕದ ಸೀಟಿನಲ್ಲಿ ತೆಂಗಿನಕಾಯಿಯ ಚೀಲವನ್ನು ಕಾಲ ಸಂದಿಯಲ್ಲಿಟ್ಟು, ಕೈಗಳೆರಡನ್ನೂ ತೊಡೆಯ ನಡುವೆ ಸಿಕ್ಕಿಸಿಕೊಂಡು ಕೂತಿದ್ದ. ತಲಘಟ್ಟಪುರ ದಾಟಿತು. ರಸ್ತೆ ಬಿಚ್ಚಿಕೊಂಡಿತು. ಅರವತ್ತು, ಎಪ್ಪತ್ತು, ಏನೂ ಇಲ್ಲ. ಎಂಬತ್ತಕ್ಕೆ ಮುಳ್ಳು ಹೋಯಿತೋ ಇಲ್ಲವೋ, ಸ್ಟೇರಿಂಗು ನನ್ನ ಕೈಯಲ್ಲಿ ಅದುರತೊಡಗಿತು. ಮೊದಲು ಬೆರಳಿನ ತುದಿಯಲ್ಲಿ, ಆಮೇಲೆ ಮಣಿಕಟ್ಟಿನಲ್ಲಿ. ಆಮೇಲೆ, ಅವನು ಹೇಳಿದ್ದಂತೆಯೇ, ಮೊಣಕೈಯವರೆಗೂ.

ತಟಕ್ಕನೆ ಕಾಲು ಎತ್ತಿಬಿಟ್ಟೆ. ಗಾಡಿ ನಿಧಾನವಾಯಿತು, ಅದುರು ನಿಂತಿತು.

"ಯಾಕವ್ವ ನಿಧಾನ ಮಾಡ್ದೆ?" ಎಂದ ಅಪ್ಪ.

"ಲಾರಿ ಬರ್ತಾ ಇದೆ" ಎಂದೆ. ಲಾರಿ ಇರಲಿಲ್ಲ. ಅವನು ಹಿಂದೆ ತಿರುಗಿ ನೋಡಿದ. ದೇವಸ್ಥಾನಕ್ಕೆ ಹೋಗಿ ಬರುವವರೆಗೂ ನಾನು ಎಪ್ಪತ್ತು ದಾಟಿಸಲಿಲ್ಲ. ಮಂಗಳಾರತಿ ತೆಗೆದುಕೊಳ್ಳುವಾಗ ದೇವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ, ಪಕ್ಕದಲ್ಲಿ ನಿಂತ ಅಪ್ಪನ ಮುಖ ನೋಡಲಂತೂ ಬರಲೇ ಇಲ್ಲ.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿಗೆ ತಡವಾಗಿ ಬರುತ್ತೇನೆಂದು ಫೋನ್ ಮಾಡಿ, ಒಬ್ಬಳೇ ಮತ್ತೆ ಅದೇ ರಸ್ತೆಗೆ ಹೋದೆ. ರಾತ್ರಿಯೆಲ್ಲ ಫೋನಿನಲ್ಲಿ ವಿಡಿಯೋಗಳನ್ನು ನೋಡಿ ಪಾಠ ಮಾಡಿಕೊಂಡಿದ್ದೆ. ಅದುರು ಸೀಟಿನಲ್ಲಿ ಗೊತ್ತಾದರೆ ಹಿಂದಿನ ಚಕ್ರ, ಕೈಯಲ್ಲಿ ಗೊತ್ತಾದರೆ ಮುಂದಿನದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕಿನ ತಟ್ಟೆ. ಬ್ರೇಕಿಗೂ ಅದಕ್ಕೂ ಸಂಬಂಧವಿಲ್ಲದೆ, ಒಂದು ವೇಗಕ್ಕೆ ಹೋದಾಗ ಮಾತ್ರ ಬಂದು, ನಿಧಾನ ಮಾಡಿದರೆ ಮಾಯವಾದರೆ ಚಕ್ರದ ತೂಕ ಸಮ ಇಲ್ಲ ಎಂದು ಅರ್ಥ. ಮೆಲ್ಲಗೆ ಬ್ರೇಕ್ ಒತ್ತಿ ನೋಡಿದೆ, ಹೆಚ್ಚಾಗಲಿಲ್ಲ. ಸೀಟು ಅಲುಗಲಿಲ್ಲ. ಕೈಯಲ್ಲಿ ಮಾತ್ರ ಗಡಗಡ, ಅದೂ ಎಂಬತ್ತರ ಮೇಲೆ ಮಾತ್ರ. ಅಪ್ಪ ಮೊದಲ ದಿನವೇ, ಚಪ್ಪಲಿ ಬಿಡುವಷ್ಟರಲ್ಲಿ, ಇಷ್ಟನ್ನೂ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ.

ವಾಪಸ್ಸು ಬರುವಾಗ ಬನಶಂಕರಿಯ ಒಂದು ಟೈರ್ ಅಂಗಡಿಗೆ ಹೋದೆ. ಅಂಗಡಿಯವರು ಮುಂದಿನ ಚಕ್ರ ಬಿಚ್ಚಿ ನೆಲಕ್ಕೆ ಉರುಳಿಸಿದರು. ಚಕ್ರದ ಒಳಮೈ ನನ್ನ ಕಡೆಗೆ ತಿರುಗಿತು. ಕಪ್ಪು ಹಿಡಿದ ಲೋಹದ ಮೇಲೆ ಬೆರಳುದ್ದದ ಒಂದು ಬೆಳ್ಳಗಿನ ಚೌಕ. ಅದರ ಸುತ್ತ ಚಾಕುವಿನ ಗೀರುಗಳು. ಅವರು ಬಾಯಿ ತೆರೆಯುವ ಮೊದಲೇ ನನಗೆ ಎಲ್ಲವೂ ಗೊತ್ತಾಗಿಹೋಯಿತು.

ದೀಪಾವಳಿಗೆ ಮೊದಲು ಬಂದಿದ್ದ ಆಯುಧಪೂಜೆ. ಎದುರು ಮನೆಯವರು ಹೊಸ ಕಾರು ತಂದಿದ್ದರು. ನಮ್ಮ ಹಳೆಯ ಕಾರು ಅದರ ಮುಂದೆ ಮಂಕಾಗಿ ಕಾಣಬಾರದೆಂದು ನಾನು ಹಟ ಹಿಡಿದಿದ್ದೆ. ಗೇಟಿನೊಳಗೆ ಕಾರಿನ ಮೂತಿ ಬೀದಿಗೆ ಕಾಣುವ ಹಾಗೆ ನಿಂತಿರುತ್ತದೆ. ಆದ್ದರಿಂದ ಮುಂದಿನ ಎರಡು ಚಕ್ರಗಳಿಗೆ ರಾಜೋಪಚಾರ, ಹಿಂದಿನವಕ್ಕೆ ಬರೀ ಪೈಪಿನ ನೀರು. ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು, ಕುಕ್ಕರಗಾಲಲ್ಲಿ ಕೂತು, ಚಕ್ರದ ಕಡ್ಡಿಗಳ ಸಂದಿಯೊಳಗೆಲ್ಲ ಉಜ್ಜಿದ್ದೆ. ಒಳಗೆ ಬೂದು ಬಣ್ಣದ ಸಣ್ಣ ಸಣ್ಣ ಬಿಲ್ಲೆಗಳ ಪಟ್ಟಿ ಅಂಟಿಕೊಂಡಿತ್ತು. ಯಾವುದೋ ಹಳೆಯ ಗೋಂದು, ಟಾರು, ಹಾಳುಮೂಳು ಎಂದುಕೊಂಡೆ. ಬಿಡಲಿಲ್ಲ. ಅಡಿಗೆಮನೆಯ ಹಳೆಯ ಚಾಕು ತಂದು, ಎರಡೂ ಚಕ್ರಗಳಿಂದ ಮೀಟಿ ಮೀಟಿ ಕಿತ್ತು, ಕಸದ ಬುಟ್ಟಿಗೆ ಹಾಕಿದೆ. ಆಮೇಲೆ ಅರಿಶಿನ ಕುಂಕುಮ ಇಟ್ಟು, ಚೆಂಡುಹೂವು ಸಿಕ್ಕಿಸಿದೆ. ಅಪ್ಪ ಬೂದುಗುಂಬಳಕಾಯಿ ಒಡೆದು, ಚಕ್ರದಡಿಯ ನಿಂಬೆಹಣ್ಣುಗಳ ಮೇಲೆ ಗಾಡಿ ಹತ್ತಿಸಿ, "ಫಳಫಳ ಅಂತೈತೆ ಕಣವ್ವ ಚಕ್ರ" ಎಂದು ಖುಷಿಪಟ್ಟಿದ್ದ.

"ಇಲ್ಲಿದ್ದ ವೇಟ್ ಯಾರೋ ಕಿತ್ತಾಕವ್ರೆ ಮೇಡಂ" ಎಂದರು ಅಂಗಡಿಯವರು. "ಚಕ್ರದ ತೂಕ ಸಮ ಆಗ್ಲಿ ಅಂತ ಅಂಟಿಸಿರ್ತೀವಿ. ಅದಿಲ್ದೆ ಸ್ಪೀಡಲ್ಲಿ ಹೋದ್ರೆ ಚಕ್ರ ಕುಣಿತದೆ. ಆಯುಧಪೂಜೆ ಆದ್ಮೇಲೆ ಹಿಂಗೆ ಒಂದೆರಡು ಗಾಡಿ ಬಂದೇ ಬರ್ತವೆ."

"ವಾಟರ್ ಸರ್ವೀಸಿನವರು ಕಿತ್ತಿರ್ಬೇಕು" ಎಂದೆ. ಗುರುತು ಪರಿಚಯವಿಲ್ಲದವರ ಮುಂದೆಯೂ ನನ್ನ ಬಾಯಿಂದ ನಿಜ ಹೊರಡಲಿಲ್ಲ ನೋಡಿ.

ಹೊಸ ಬಿಲ್ಲೆಗಳನ್ನು ಅಂಟಿಸಿದರು. ಮತ್ತೆ ಹೆದ್ದಾರಿಗೆ ಹೋಗಿ ನೋಡಿದೆ. ತೊಂಬತ್ತರಲ್ಲೂ ಸ್ಟೇರಿಂಗು ಕದಲಲಿಲ್ಲ. ಅದುರಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

ಅವತ್ತು ಸಂಜೆಯೇ ಅಪ್ಪನಿಗೆ ಹೇಳಿದೆ. ಬ್ರಷ್ಷು, ಚಾಕು, ಬಿಲ್ಲೆ, ಎಲ್ಲವನ್ನೂ. ಸ್ಟೇರಿಂಗು ಅದುರುತ್ತಿದ್ದುದು ನಿಜ, ನೀನು ಹೇಳಿದ್ದೇ ಸರಿ, ತಪ್ಪು ನನ್ನದು ಎಂದೆ. ಬೈಯಲಿ ಎಂದು ಕಾದೆ. ಅಪ್ಪ ನಕ್ಕುಬಿಟ್ಟ. "ದೇವ್ರಿಗೆ ಅಂತ ಉಜ್ಜಿದ್ದು ತಾನೇ, ಬಿಡು" ಎಂದ.

ಕೀ ಅವನ ಮುಂದಿಟ್ಟೆ. ಅವನು ಮುಟ್ಟಲಿಲ್ಲ. "ಗಾಡಿದು ಸರಿಹೋಯ್ತು. ನನ್ ಕೈ ವಿಷ್ಯ ಡಾಕ್ಟ್ರೇ ಹೇಳವ್ರಲ್ಲವ್ವ" ಎಂದು ಎರಡು ಕೈಯಲ್ಲಿ ಕಾಫಿ ಲೋಟ ಎತ್ತಿಕೊಂಡ.

ಹೇಳಬೇಕಾಗಿದ್ದುದು ಅಲ್ಲೇ, ಆಗಲೇ. ಚಾಕುವಿನ ಕತೆಯಲ್ಲಿ ನಾನು ಪೆದ್ದಿ, ಅಷ್ಟೇ. ಪೆದ್ದಿ ಎನ್ನಿಸಿಕೊಳ್ಳುವುದು ಕಷ್ಟವಲ್ಲ, ನಾಲ್ಕು ಜನ ನಗುತ್ತಾರೆ, ಮುಗಿಯಿತು. ಡಾಕ್ಟರ ಕತೆಯಲ್ಲಿ ನಾನು ಸುಳ್ಳಿ. ಅದಕ್ಕೆ ನಾಲಿಗೆ ಏಳಲಿಲ್ಲ. ಲೋಟದ ಅಂಚು ನಡುಗುತ್ತಿದ್ದುದನ್ನು ನೋಡುತ್ತಾ ಕೂತೆ. ಆಮೇಲೆ ಪ್ರತಿದಿನವೂ ನೋಡಿದೆ. ಕ್ಲಿನಿಕ್ಕಿನಲ್ಲಿ ಯಾರಾದರೂ ಅಪ್ಪನ ವಯಸ್ಸಿನವರು ಸಹಿ ಹಾಕಲು ಬಂದರೆ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದೆ.

ಮುಂದಿನ ಅಮಾವಾಸ್ಯೆ ಬಂತು. ರಜೆ ಹಾಕಿ ಅಪ್ಪನನ್ನು ಕೂರಿಸಿಕೊಂಡು ಹೊರಟೆ. ತಲಘಟ್ಟಪುರ ದಾಟಿದ ಮೇಲೆ ರಸ್ತೆಯ ಪಕ್ಕದಲ್ಲಿ ನಿಲ್ಲಿಸಿ ಕೆಳಗಿಳಿದೆ. ಅವನ ಕಡೆಯ ಬಾಗಿಲು ತೆಗೆದು, "ಈ ಕಡೆ ಬಾ. ನೀನು ಓಡಿಸು" ಎಂದೆ.

"ಬ್ಯಾಡ ಕಣವ್ವ."

"ನಾನು ಪಕ್ಕದಲ್ಲೇ ಇರ್ತೀನಿ. ಸ್ವಲ್ಪ ದೂರ."

ಅವನು ಖಾಲಿ ರಸ್ತೆಯನ್ನೊಮ್ಮೆ ನೋಡಿದ. ಆಸೆ ಇತ್ತು, ಕಣ್ಣಿನಲ್ಲೇ ಕಾಣುತ್ತಿತ್ತು. ಪಂಚೆ ಸರಿಮಾಡಿಕೊಂಡು ಬಂದು ಕೂತ. ಸೀಟನ್ನು ತನ್ನ ಅಳತೆಗೆ ಎಳೆದುಕೊಂಡ, ಕನ್ನಡಿ ತಿರುಗಿಸಿದ. ಮೊದಲಿನ ಎರಡು ಬೆರಳ ಹಿಡಿತವಿಲ್ಲ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ಆದರೂ ಗೇರು ಬಿದ್ದದ್ದು ನನಗೆ ಗೊತ್ತಾಗದಷ್ಟು ನಯವಾಗಿ ಗಾಡಿ ಹೊರಟಿತು. ಮುಳ್ಳು ಅರವತ್ತಕ್ಕೆ ಬಂತು. ಅಲ್ಲೇ ನಿಂತಿತು. ಹಿಂದಿನವರೆಲ್ಲ ಹಾರ್ನ್ ಹೊಡೆದು ಹೊಡೆದು ಮುಂದೆ ಹೋದರು.

"ಇನ್ನು ಸ್ವಲ್ಪ ಒತ್ತಪ್ಪ. ಮುಂದೆ ರೋಡ್ ಖಾಲಿ ಇದೆ" ಎಂದೆ.

"ಸಾಕು."

"ಈಗ ಅದುರಲ್ಲ. ನಾನೇ ನೋಡಿದ್ದೀನಿ."

ಅವನು ಮುಳ್ಳಿನ ಮೇಲೊಮ್ಮೆ ಕಣ್ಣು ಹಾಯಿಸಿದ. ಆಮೇಲೆ, "ನಿನ್ ಕೈಯಲ್ಲಿ ಅದುರ್ದೆ ಇರ್ಬೋದು. ಎಂಬತ್ತಕ್ಕೆ ಹೋಗಿ ನಂಗೆ ಅದುರಿದ್ರೆ, ಅದು ನನ್ ಕೈಯೇ ಅಂತ ಗೊತ್ತಾಗೋಯ್ತದಲ್ಲವ್ವ" ಎಂದ. "ಗೊತ್ತಾಗೋದು ಬ್ಯಾಡ."

ಇನ್ನು ತಡೆದುಕೊಳ್ಳಲು ಆಗಲಿಲ್ಲ. "ಅಪ್ಪ, ಡಾಕ್ಟ್ರು ಗಾಡಿ ಬಿಡಿ ಅನ್ಲಿಲ್ಲ" ಎಂದೆ. "ನಿನ್ನ ಕೈಗೆ ಕಾಯಿಲೆ ಏನೂ ಇಲ್ಲ, ಓಡಿಸ್ಬೋದು ಅಂದ್ರು. ನರ ವೀಕ್ ಅಂತ ಹೇಳಿದ್ದು ನಾನು. ಸುಳ್ಳು ಹೇಳ್ದೆ."

ಅಪ್ಪ ಕನ್ನಡಿ ನೋಡಿದ. ಇಂಡಿಕೇಟರ್ ಹಾಕಿ, ಹಿಂದಿದ್ದ ಬಸ್ಸಿಗೆ ದಾರಿ ಬಿಟ್ಟ. ಬಸ್ಸು ದಾಟಿಹೋದ ಮೇಲೆ ಇಂಡಿಕೇಟರ್ ಆರಿಸಿದ. ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಉಸಿರಾಡಲು ಸುಲಭವಾಗುತ್ತಿತ್ತು.

"ನಂಗೇನಾದ್ರೂ ಆಗ್ಬುಡ್ತದೆ ಅಂತ ಭಯವಾ?"

"ಹೂಂ."

"ಅಷ್ಟೇ ಹೇಳ್ಬೇಕಾಗಿತ್ತು. ಭಯ ಆಯ್ತದೆ ಕಣಪ್ಪ, ಗಾಡಿ ಬಿಡು ಅಂದಿದ್ರೆ ಅವತ್ತೇ ಕೀ ಕೊಟ್ಟುಬಿಡ್ತಿದ್ದೆ." ಅವನು ಎಡಗೈಯನ್ನು ಸ್ಟೇರಿಂಗಿನಿಂದ ತೆಗೆದು, ಒಂದು ಸಲ ಬೆರಳು ಬಿಚ್ಚಿ, ಮತ್ತೆ ಹಿಡಿದುಕೊಂಡ. "ಗಾಡಿ ಕೇಳೋಕೆ ಕೈ ಯಾಕವ್ವ ಕಿತ್ಕೊಂಡೆ?"

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಹಾರೋಹಳ್ಳಿ ಬರುವವರೆಗೂ ಅವನು ಅರವತ್ತು ದಾಟಲಿಲ್ಲ. ಇನ್ನೂ ಸ್ವಲ್ಪ ಒತ್ತು ಎಂದು ನಾನೂ ಹೇಳಲಿಲ್ಲ.